ಕೊನೆಯವನಾಗಿ ಬಂದು ಮೊದಲಿಗನಾದ ಫಾರ್ ಲ್ಯಾಪ್

ದೀಪಾವಳಿ ಕಳೆಯಿತೆಂದರೆ ಹೊನ್ನಾಳಿ, ನ್ಯಾಮತಿ ಕಡೆಯ ಹಳ್ಳಿಗಳಲ್ಲಿ ಹೋರಿ ಓಟದ ಸಡಗರ. ಗೋವಿನಕೋವಿಯಂಥ ಊರಿನ ಹುಡುಗರಿಗೆ ಹೋರಿಯ ಎದೆ, ಕಾಲು, ಗೊರಸು ನೋಡಿ ಬೆಲೆ ಕಟ್ಟುವುದನ್ನು ಯಾರೂ ಕಲಿಸಬೇಕಾಗಿಲ್ಲ. ರೇಸ್ ಕುದುರೆಯ ವ್ಯಾಪಾರವೂ ಹೀಗೆಯೇ. ಟಿಪ್ಪುವಿನ ಕಾಲದಿಂದ ಕುದುರೆಗೆ ಹೆಸರಾದ ನಮ್ಮ ಕುಣಿಗಲ್‌ನಲ್ಲಿ ಮುಂದೆ ಬೆಳೆಸಿದ ಥರೋಬ್ರೆಡ್ ತಳಿಯ ಮರಿಗಳನ್ನೂ ಮೈಕಟ್ಟು, ವಂಶ ನೋಡಿಯೇ ಕೊಳ್ಳುತ್ತಾರೆ. ಆದರೆ ಈ ಕಣ್ಣಳತೆ ಎಷ್ಟು ತಪ್ಪಬಹುದು? ದೂರದ ಆಸ್ಟ್ರೇಲಿಯದ ಫಾರ್ ಲ್ಯಾಪ್ ಎಂಬ ಕುದುರೆಯ ಬದುಕೇ ಅದಕ್ಕೆ ಉತ್ತರ.

ಮುಖದ ತುಂಬ ನರೂಲಿ!

ಫಾರ್ ಲ್ಯಾಪ್ ಹುಟ್ಟಿದ್ದು 1926ರ ಅಕ್ಟೋಬರ್ 4ರಂದು, ನ್ಯೂಜಿಲೆಂಡಿನ ಟಿಮರು ಬಳಿ. ವಂಶಾವಳಿಯನ್ನು ಓದಿ ಮೆಚ್ಚಿದ ತರಬೇತುದಾರ ಹ್ಯಾರಿ ಟೆಲ್‌ಫೋರ್ಡ್, ಡೇವಿಡ್ ಡೇವಿಸ್ ಎಂಬ ಸಿರಿವಂತನಿಂದ 160 ಗಿನಿಗೆ ಅದನ್ನು ಕೊಳ್ಳಿಸಿದ. ಹಡಗಿನಲ್ಲಿ ಬಂದಿಳಿದ ಮರಿಯೋ ಬಡಕಲು. ಮುಖದ ತುಂಬ ನರೂಲಿ, ನಡಿಗೆ ಸೊಟ್ಟ. ಡೇವಿಸ್ ಸಿಟ್ಟಾಗಿ, ತರಬೇತಿಗೆ ಬಿಡಿಗಾಸೂ ಕೊಡೆನೆಂದ. ಟೆಲ್‌ಫೋರ್ಡ್ ಎದೆಗುಂದಲಿಲ್ಲ. ಮೂರು ವರ್ಷಕ್ಕೆ ಕುದುರೆಯನ್ನು ಗುತ್ತಿಗೆಗೆ ಪಡೆದು, ಮರಳ ದಿಬ್ಬಗಳ ಮೇಲೆ ಓಡಿಸಿ ಪಳಗಿಸಿದ.

ಮೊದಲ ಓಟದಲ್ಲಿ ಬಂದದ್ದು ಎಲ್ಲರಿಗಿಂತ ಕೊನೆಗೆ. ಮೊದಲ ಹತ್ತು ಓಟಗಳಲ್ಲಿ ಗೆದ್ದದ್ದು ಒಂದೇ ಒಂದು. ಅಲ್ಲಿಗೇ ಕೈಬಿಟ್ಟಿದ್ದರೆ? ಆ ನಂತರದ 41 ಓಟಗಳಲ್ಲಿ ಅದು ಗೆದ್ದದ್ದು 36! 1930ರ ಮೆಲ್ಬೋರ್ನ್ ಕಪ್‌ಗೆ ಮೂರು ದಿನ ಮುಂಚೆ ಯಾರೋ ಕಾರಿನಲ್ಲಿ ಬಂದು ಅದರತ್ತ ಗುಂಡು ಹಾರಿಸಿದರು. ಗುರಿ ತಪ್ಪಿತು. ಅಂದೇ ಮಧ್ಯಾಹ್ನ ಒಂದು ಓಟ ಗೆದ್ದ ಕುದುರೆ, ಮೂರನೆಯ ದಿನ ಕಪ್ಪನ್ನೂ ಗೆದ್ದಿತು. ಜಗತ್ತಿನ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡಿದ್ದ ಆಸ್ಟ್ರೇಲಿಯದ ಬಡವರಿಗೆ ಅದು ಮನೆಮಗನಾಯಿತು.

ಎದೆಯೊಳಗಿನ ಯಂತ್ರ

ಓಟದ ಗುಟ್ಟು ಕಾಲಿನಲ್ಲಿ ಮಾತ್ರವಿಲ್ಲ, ರಕ್ತದಲ್ಲೂ ಇದೆ. ನಿಂತ ಕುದುರೆಯ ಹೃದಯ ನಿಮಿಷಕ್ಕೆ 30ರಿಂದ 40 ಸಲ ಬಡಿದರೆ, ನಾಗಾಲೋಟದಲ್ಲಿ ಅದು 220ನ್ನು ದಾಟುತ್ತದೆ. ಗುಲ್ಮವು ಕೂಡಿಟ್ಟ ಕೆಂಪು ರಕ್ತಕಣಗಳನ್ನು ಓಟದ ಹೊತ್ತಿಗೆ ಹೊರಬಿಡುತ್ತದೆ; ಸ್ನಾಯುಗಳಿಗೆ ಹೆಚ್ಚು ಆಮ್ಲಜನಕ ದೊರೆಯುತ್ತದೆ. ನಾಗಾಲೋಟದ ಒಂದು ನೆಗೆತಕ್ಕೆ ಒಂದು ಉಸಿರು, ತಪ್ಪದ ತಾಳ! ಫಾರ್ ಲ್ಯಾಪ್‌ನ ಹೃದಯದ ತೂಕ 6.2 ಕಿಲೋಗ್ರಾಂ. ಮನುಷ್ಯನದು ಸುಮಾರು 300 ಗ್ರಾಂ. ಈ ಯಂತ್ರ 160 ಗಿನಿ ಕೊಟ್ಟ ದಿನ ಯಾರ ಕಣ್ಣಿಗೂ ಕಂಡಿರಲಿಲ್ಲ.

ಗೆದ್ದವನ ಬೆನ್ನಿಗೆ ಭಾರ

ಕೆಲವು ರೇಸುಗಳಲ್ಲಿ ಬಲಶಾಲಿ ಕುದುರೆಗೆ ಹೆಚ್ಚು ತೂಕ ಹೊರಿಸುವುದು ನಿಯಮ. ಜಾಕಿ, ಜೀನು ಸೇರಿಯೂ ಕಡಿಮೆ ಬಿದ್ದರೆ ಸೀಸದ ತುಂಡು ಸೇರಿಸುತ್ತಾರೆ. 1930ರ ಕಪ್‌ನಲ್ಲಿ ಫಾರ್ ಲ್ಯಾಪ್ ಹೊತ್ತದ್ದು ಸುಮಾರು 62.6 ಕಿಲೋ. ಮರುವರ್ಷ 68 ಕಿಲೋ ಹೇರಿದರು. ದೂರ ಅದೇ ಎರಡು ಮೈಲಿ, ಕುದುರೆಯೂ ಅದೇ. ಬಂದದ್ದು ಎಂಟನೆಯ ಸ್ಥಾನ!

1932ರ ಮಾರ್ಚ್ 20ರಂದು ಮೆಕ್ಸಿಕೋದ ದೊಡ್ಡ ರೇಸನ್ನು ದಾಖಲೆ ವೇಗದಲ್ಲಿ ಗೆದ್ದ ಫಾರ್ ಲ್ಯಾಪ್, ಹದಿನಾರು ದಿನಗಳ ನಂತರ ಏಪ್ರಿಲ್ 5ರಂದು ಕ್ಯಾಲಿಫೋರ್ನಿಯಾದಲ್ಲಿ ಹೊಟ್ಟೆನೋವಿನಿಂದ ನರಳಿ ಸತ್ತಿತು. ಮಗುವಿನಂತೆ ಸಾಕಿದ್ದ ಟಾಮಿ ವುಡ್‌ಕಾಕ್ ಕೊನೆಯವರೆಗೂ ಬಳಿಯಲ್ಲೇ ಇದ್ದ. ವಿಜ್ಞಾನಿಗಳು ಈ ಶತಮಾನದಲ್ಲಿ ಅದರ ಕೂದಲನ್ನು ಪರೀಕ್ಷಿಸಿ ಆರ್ಸೆನಿಕ್ ವಿಷದ ಸುಳಿವು ಕಂಡರು. ಆದರೆ ಆಗಿನ ಕುದುರೆ ಟಾನಿಕ್ಕುಗಳಲ್ಲೂ ಆರ್ಸೆನಿಕ್ ಇರುತ್ತಿತ್ತು. ಆದ್ದರಿಂದ ಚರ್ಚೆ ಇನ್ನೂ ಮುಗಿದಿಲ್ಲ.

ಇಂದು ಅದರ ಚರ್ಮ ಮೆಲ್ಬೋರ್ನಿನಲ್ಲಿ, ಅಸ್ಥಿಪಂಜರ ನ್ಯೂಜಿಲೆಂಡಿನಲ್ಲಿ, ಹೃದಯ ಕ್ಯಾನ್ಬೆರಾದ ವಸ್ತುಸಂಗ್ರಹಾಲಯದಲ್ಲಿವೆ.

ಮೊದಲ ಕಿರುಪರೀಕ್ಷೆಯ ಅಂಕಪಟ್ಟಿ ಹಿಡಿದು 'ಇವನಿಂದಾಗದು' ಎನ್ನುವ ತಂದೆತಾಯಿಯರು ಆ ಹತ್ತು ಓಟಗಳನ್ನು ನೆನೆಯಲಿ. ಗೆದ್ದ ಮಗುವಿಗೆ ಟ್ಯೂಷನ್ ಮೇಲೆ ಟ್ಯೂಷನ್ ಹೇರುವವರು ಆ 68 ಕಿಲೋವನ್ನು ನೆನೆಯಲಿ. ಅಷ್ಟು ದೊಡ್ಡ ಹೃದಯಕ್ಕೂ ಹೊರುವುದಕ್ಕೊಂದು ಮಿತಿಯಿತ್ತು.