ವ್ಯಾಟ್ ಆಮೇಲೆ, ಮೊದಲು ಮಾತು ಕೇಳಿಸಲಿ

ಪಾತ್ರಗಳು ಮೆಲ್ಲಗೆ ಮಾತಾಡುವಾಗ ವಾಲ್ಯೂಮ್ ಏರಿಸುವುದು, ಫೈಟ್ ಶುರುವಾದ ಕೂಡಲೇ ರಿಮೋಟಿಗಾಗಿ ಸೋಫಾದ ಸಂದಿಯಲ್ಲಿ ತಡಕಾಡುವುದು: ಮನೆಯಲ್ಲಿ ಸಿನಿಮಾ ನೋಡುವವರಿಗೆಲ್ಲ ಈ ಕಸರತ್ತು ಗೊತ್ತು. ‘ಕೆಜಿಎಫ್’ನಂಥ ಅಬ್ಬರದ ಚಿತ್ರವಾದರೆ ಎರಡೂವರೆ ಗಂಟೆಯೂ ಇದೇ ಕೆಲಸ. ಇದರಿಂದ ಬೇಸತ್ತು ಹೋಮ್ ಥಿಯೇಟರ್ ಕೊಳ್ಳಲು ಹೊರಟವರಿಗೆ ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಡಬ್ಬದ ಮೇಲಿನ ದಪ್ಪಕ್ಷರಗಳು. 1000 ವ್ಯಾಟ್, 5.1, 7.1, ಅಟ್ಮಾಸ್. ಮಾತು ಸ್ಪಷ್ಟವಾಗಿ ಕೇಳಿಸುತ್ತದೆಂಬ ಖಾತ್ರಿಯನ್ನು ಇವುಗಳಲ್ಲಿ ಒಂದೂ ಕೊಡುವುದಿಲ್ಲ.

5.1 ಎಂದರೆ ಐದು ಸ್ಪೀಕರ್, ಒಂದು ಸಬ್‌ವೂಫರ್. ಟಿವಿಯ ಎಡಬಲಕ್ಕೆ ಎರಡು, ನಡುವೆ ಸೆಂಟರ್, ಕೂತವರ ಎರಡು ಪಕ್ಕಕ್ಕೆ ತುಸು ಹಿಂದೆ ಸರೌಂಡ್. ಸಬ್‌ವೂಫರಿಗೆಂದೇ ಮೀಸಲಾದ ಚಾನೆಲ್‌ನಲ್ಲಿ 120 ಹರ್ಟ್ಸ್‌ವರೆಗಿನ ಗುಡುಗು, ಸ್ಫೋಟಗಳ ಸದ್ದು ಮಾತ್ರ ಇರುತ್ತದೆ. ಹಾಗಾಗಿ ಅದನ್ನು ಪೂರ್ತಿ ಒಂದೆಂದು ಎಣಿಸದೆ ‘.1’ ಎನ್ನುತ್ತಾರೆ. 5.1.2 ಎಂದು ಬರೆದಿದ್ದರೆ ಕೊನೆಯ ಎರಡು, ತಲೆಯ ಮೇಲಿನಿಂದ ಸದ್ದು ಬರಿಸುವಂಥವು. 2012ರಲ್ಲಿ ಚಿತ್ರಮಂದಿರಗಳಿಗೂ 2014ರಲ್ಲಿ ಮನೆಗಳಿಗೂ ಬಂದ ಡಾಲ್ಬಿ ಅಟ್ಮಾಸ್‌ನ ಕೊಡುಗೆ ಅದು. ಸದ್ದನ್ನು ಚಾವಣಿಗೆ ಚಿಮ್ಮಿಸಿ ಕೆಳಗಿಳಿಸುವ ಸ್ಪೀಕರುಗಳೂ ಇವೆ. ಅವಕ್ಕೆ ಸಪಾಟಾದ ಆರ್‌ಸಿಸಿ ಚಾವಣಿಯೇ ಸರಿ. ಮಲೆನಾಡು, ಕರಾವಳಿಯ ಇಳಿಜಾರು ಹೆಂಚಿನ ಮನೆಗಳಲ್ಲಿ ಆ ಸದ್ದು ಎತ್ತೆತ್ತಲೋ ಚದುರುತ್ತದೆ.

ಸಿನಿಮಾದ ಸಂಭಾಷಣೆಯಲ್ಲಿ ಬಹುಪಾಲು ಬರುವುದು ಸೆಂಟರ್ ಸ್ಪೀಕರಿನಿಂದ. ಜನ ಕಡೆಗಣಿಸುವುದೂ ಅದನ್ನೇ. ಬಜೆಟ್ ಬಿಗಿಯಾಗಿದ್ದರೆ ಏಳು ಪುಟ್ಟ ಸ್ಪೀಕರುಗಳಿಗಿಂತ ಮುಂದಿನ ಮೂರು ಒಳ್ಳೆಯ ಸ್ಪೀಕರುಗಳೇ ಮೇಲು. ಆ ಮೂರೂ ಒಂದೇ ಕಂಪನಿಯ ಒಂದೇ ಸರಣಿಯವಾಗಿದ್ದರೆ, ತೆರೆಯ ಮೇಲೆ ಎಡದಿಂದ ಬಲಕ್ಕೆ ಓಡುವ ಬೈಕಿನ ಸದ್ದು ನಡುವೆ ಬಣ್ಣ ಬದಲಿಸುವುದಿಲ್ಲ. ಸೆಂಟರನ್ನು ಟಿವಿ ಯೂನಿಟ್ಟಿನ ಗೂಡಿನೊಳಕ್ಕೆ ತಳ್ಳಿದರೆ ಮಾತು ಗುಂಯ್‌ಗುಡುತ್ತದೆ. ಅದನ್ನು ಹಲಗೆಯ ಅಂಚಿಗೆ ಎಳೆದು, ಕೂತವರ ಕಿವಿಯತ್ತ ತುಸು ವಾಲಿಸಿಟ್ಟರೆ ಖರ್ಚಿಲ್ಲದೆಯೇ ವ್ಯತ್ಯಾಸ ತಿಳಿಯುತ್ತದೆ.

ಇನ್ನು ವ್ಯಾಟ್ ಲೆಕ್ಕ. ತೊಂಬತ್ತರ ದಶಕದ ಟೇಪ್‌ರೆಕಾರ್ಡರುಗಳ ಮೈಮೇಲೆ ಸಾವಿರಗಟ್ಟಲೆ ‘ಪಿಎಂಪಿಒ’ ವ್ಯಾಟ್ ಮೆರೆಯುತ್ತಿದ್ದುದು ಹಲವರಿಗೆ ನೆನಪಿರಬಹುದು. ಅದು ಕ್ಷಣಮಾತ್ರದ ಗರಿಷ್ಠವನ್ನು ಊದಿಸಿ ಹೇಳುವ ಅಂಕಿ. ಕೇಳಬೇಕಾದದ್ದು ಎಡೆಬಿಡದೆ ಕೊಡಬಲ್ಲ ‘ಆರ್‌ಎಂಎಸ್’ ವ್ಯಾಟ್ ಎಷ್ಟು ಎಂದು. ಅದರಲ್ಲೂ ಒಂದು ಒಳಗುಟ್ಟಿದೆ: ವ್ಯಾಟ್ ಇಮ್ಮಡಿಯಾದರೆ ಸದ್ದು ಏರುವುದು ಬರೀ 3 ಡೆಸಿಬಲ್. ಕಿವಿಗೆ ಎರಡು ಪಟ್ಟು ಜೋರೆನಿಸಲು ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಹೀಗಾಗಿ ಸ್ಪೀಕರಿನ ವಿವರಪಟ್ಟಿಯಲ್ಲಿ, ಅಷ್ಟೇ ಶಕ್ತಿಗೆ ಅದು ಎಷ್ಟು ಜೋರಾಗಿ ನುಡಿಯುತ್ತದೆಂದು ಹೇಳುವ ಸೆನ್ಸಿಟಿವಿಟಿ ಎಂಬ ಸಾಲನ್ನು ತಪ್ಪದೆ ನೋಡಬೇಕು. 87 ಡೆಸಿಬಲ್ಲಿನ ಸ್ಪೀಕರಿಗೆ 100 ವ್ಯಾಟ್ ಬೇಕಾದಲ್ಲಿ 90 ಡೆಸಿಬಲ್ಲಿನದಕ್ಕೆ 50 ಸಾಕು.

ಇವೆಲ್ಲಕ್ಕೂ ಯಜಮಾನ ಎವಿ ರಿಸೀವರ್. ಟಿವಿಯಿಂದ ಸದ್ದನ್ನು ಪಡೆದು, ಚಾನೆಲ್‌ಗಳನ್ನು ಬಿಡಿಸಿ, ಶಕ್ತಿ ತುಂಬಿ ಸ್ಪೀಕರುಗಳಿಗೆ ಹಂಚುವುದು ಅದರ ಕೆಲಸ. ಟಿವಿ, ರಿಸೀವರ್ ಎರಡರಲ್ಲೂ ‘ಇ-ಆರ್ಕ್’ ಎಂಬ ಎಚ್‌ಡಿಎಂಐ ಕಿಂಡಿ ಇದ್ದರೆ ಬ್ಲೂರೇ ಗುಣಮಟ್ಟದ ಸದ್ದೂ ಒಂದೇ ಕೇಬಲ್ಲಿನಲ್ಲಿ ಹರಿದು ಬರುತ್ತದೆ. ಹಳೆಯ ಆಪ್ಟಿಕಲ್ ಕೇಬಲ್ 5.1 ಹೊರುತ್ತದೆ, ಅಟ್ಮಾಸ್ ಹೊರುವುದಿಲ್ಲ. ಡೆನಾನ್‌ನ ಆಡಿಸ್ಸಿ, ಯಮಹಾದ ವೈಪಾವೊ ಮುಂತಾದ ವ್ಯವಸ್ಥೆಗಳಲ್ಲಿ ಒಂದು ಪುಟ್ಟ ಮೈಕ್ ಬರುತ್ತದೆ. ಅದನ್ನು ಸೋಫಾದ ಮೇಲೆ ಕಿವಿಯ ಎತ್ತರಕ್ಕಿಟ್ಟರೆ ಒಂದೊಂದು ಸ್ಪೀಕರೂ ಎಷ್ಟು ದೂರದಲ್ಲಿದೆ, ಎಷ್ಟು ಜೋರಾಗಿದೆ ಎಂದು ಅಳೆದು ಸರಿದೂಗಿಸುತ್ತದೆ. ರಿಸೀವರ್ ಬಿಸಿಯಾಗುವ ಯಂತ್ರ. ಶೋಕೇಸಿನೊಳಗೆ ಗಾಜಿನ ಬಾಗಿಲು ಮುಚ್ಚಿ ಇಡುವಂತಿಲ್ಲ.

ಎಷ್ಟು ದುಡ್ಡು ಸುರಿದರೂ ಕೋಣೆಯ ಕಾಟ ತಪ್ಪುವುದಿಲ್ಲ. ಹನ್ನೆರಡು ಅಡಿ ಉದ್ದದ ಹಾಲ್ ಅನ್ನೇ ತೆಗೆದುಕೊಳ್ಳಿ. ಎರಡು ಗೋಡೆಗಳ ನಡುವೆ ಬಡಿದಾಡುವ ಅಲೆಗಳು ಒಂದರೊಡನೊಂದು ಕೂಡಿ ಸುಮಾರು 47 ಹರ್ಟ್ಸ್‌ನಲ್ಲಿ ಬೀಡುಬಿಡುತ್ತವೆ. ಗೋಡೆಗೊರಗಿ ಕೂತವರ ಎದೆಗೆ ಆ ಬೇಸ್ ಗುದ್ದುತ್ತದೆ, ಕೋಣೆಯ ನಟ್ಟನಡುವೆ ಕೂತವರಿಗೆ ಅದೇ ಬೇಸ್ ಮಾಯ. ಸಬ್‌ವೂಫರಿಗೆ ಜಾಗ ಹುಡುಕಲು ಪಳಗಿದವರ ಉಪಾಯವೊಂದಿದೆ. ಸಬ್‌ವೂಫರನ್ನೇ ತಾತ್ಕಾಲಿಕವಾಗಿ ಸೋಫಾದ ಮೇಲೆ ಕೂರಿಸಿ, ಹಾಡು ಹಾಕಿ, ಗೋಡೆಯಂಚಿನಲ್ಲಿ ಮಂಡಿಯೂರಿ ಸುತ್ತುತ್ತಾರೆ. ಬೇಸ್ ಎಲ್ಲಿ ಹದವಾಗಿ ಕೇಳುತ್ತದೋ ಅದೇ ಅದರ ಜಾಗ. ವಿಟ್ರಿಫೈಡ್ ಟೈಲ್ಸ್, ಗಾಜಿನ ಕಿಟಕಿ, ಬೋಳು ಗೋಡೆಗಳು ಸದ್ದನ್ನು ಪ್ರತಿಧ್ವನಿಸಿ ಮಾತನ್ನು ಕಲಸುತ್ತವೆ. ಸೋಫಾದ ಮುಂದೊಂದು ದಪ್ಪ ಜಮಖಾನ, ಕಿಟಕಿಗೆ ಭಾರವಾದ ಪರದೆ, ಪುಸ್ತಕ ತುಂಬಿದ ಕಪಾಟು ಇದ್ದರೆ ಅರ್ಧ ಕೆಲಸ ಆದಂತೆ.

ಬಾಡಿಗೆ ಮನೆಯವರಿಗೆ, ವೈರಿನ ಗೋಜಲು ಬೇಡವೆನ್ನುವವರಿಗೆ 3.1 ಸೌಂಡ್‌ಬಾರ್ ಸಾಕು. 2.1 ಸೌಂಡ್‌ಬಾರ್‌ನಲ್ಲಿ ಇಲ್ಲದ ಸೆಂಟರ್ ಚಾನೆಲ್ ಇದರಲ್ಲಿರುತ್ತದೆ. ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಸಿನಿಮಾ ನೋಡುವವರು ಸೆಟ್ಟಿಂಗ್ಸ್‌ನಲ್ಲಿ ‘ನೈಟ್ ಮೋಡ್’ ಹುಡುಕಬೇಕು. ಅದು ಜೋರು ಸದ್ದನ್ನು ತಗ್ಗಿಸಿ ಮೆಲು ಸದ್ದನ್ನು ಎತ್ತುವುದರಿಂದ ಪಕ್ಕದ ಮನೆಯವರ ನಿದ್ದೆಯೂ ಉಳಿಯುತ್ತದೆ.

ಬೆಂಗಳೂರಿನ ಎಸ್‌.ಪಿ. ರಸ್ತೆಯಾಗಲಿ, ಊರಿನ ಷೋರೂಮ್ ಆಗಲಿ, ಡೆಮೊಗೆ ಹಾಕುವುದು ಸಾಮಾನ್ಯವಾಗಿ ಸ್ಫೋಟ, ಕಾರ್ ಚೇಸ್. ಗಿರಾಕಿ ತಾನು ಹಲವು ಸಲ ನೋಡಿದ ಚಿತ್ರದ, ಮಳೆಯಲ್ಲೋ ಸಂತೆಯಲ್ಲೋ ಮಾತು ನಡೆಯುವ ದೃಶ್ಯವನ್ನು ಹಾಕಿಸಿ, ವಾಲ್ಯೂಮ್ ಇಳಿಸಿ ಕೇಳುವುದು ಲೇಸು. ಹೊಸ ಮನೆ ಕಟ್ಟಿಸುತ್ತಿರುವವರು ಪ್ಲಾಸ್ಟರಿಂಗ್‌ಗೆ ಮೊದಲೇ ಟಿವಿ ಗೋಡೆಯಿಂದ ಸೋಫಾದ ಹಿಂಬದಿಗೆ ಸ್ಪೀಕರ್ ವೈರಿಗೆಂದು ಬೇರೆ ಪೈಪ್ ಹಾಕಿಸಿಕೊಳ್ಳಬಹುದು. ಸಾಧಾರಣ ಹಾಲಿಗೆ 1.5 ಚದರ ಮಿ.ಮೀ. ತಾಮ್ರದ ವೈರ್ ಧಾರಾಳ. ಹಿಂದಿನ ಸ್ಪೀಕರುಗಳನ್ನು ವೈರ್‌ಲೆಸ್ ಕೊಂಡರಾಯಿತು ಎಂದುಕೊಂಡವರು ಕೂಡ ಆ ಮೂಲೆಗಳಲ್ಲಿ ಪ್ಲಗ್ ಪಾಯಿಂಟ್ ಇಡಿಸಬೇಕು, ಏಕೆಂದರೆ ಅಂಥವುಗಳಲ್ಲಿ ಹೆಚ್ಚಿನವು ಕರೆಂಟಿನಿಂದಲೇ ನಡೆಯುತ್ತವೆ.