ಅವಲೋಕನವೆಂಬ ವಿದ್ಯೆ

"ಕಣ್ಣಿದ್ದೂ ಕಾಣದವನು" ಎಂಬ ಬಿರುದನ್ನು ನನಗೆ ಬಾಲ್ಯದಲ್ಲಿಯೇ ದಯಪಾಲಿಸಿದವರು ನಮ್ಮ ತಾಯಿ. ಎದುರಿನ ಗೂಡಿನಲ್ಲಿಯೇ ಇದ್ದ ಉಪ್ಪಿನ ಭರಣಿಯನ್ನು ತರಲು ಹೋಗಿ ಬರಿಗೈಯಲ್ಲಿ ಹಿಂದಿರುಗುತ್ತಿದ್ದ ಮಗನಿಗೆ ಇದಕ್ಕಿಂತ ಯೋಗ್ಯವಾದ ಬಿರುದು ಇನ್ನಾವುದಿದ್ದೀತು? ಅದನ್ನು ಅರವತ್ತು ವರ್ಷ ಹೊತ್ತು ತಿರುಗಿದ ಮೇಲೆ, ಕಳಚಿಹಾಕುವ ಉಪಾಯವೊಂದು ಈಚೆಗೆ ದೊರೆಯಿತು. ಅಂತರಜಾಲದ ಒಂದು ಆಟದಲ್ಲಿ ನಾನು ಅವಲೋಕನ ವಿದ್ಯೆಯನ್ನು ಅಭ್ಯಾಸ ಮಾಡತೊಡಗಿದೆ.

ಆಟವೆಂದೊಡನೆ ಓದುಗರು ಬಣ್ಣಬಣ್ಣದ ಬೊಂಬೆಗಳು ಪರದೆಯ ಮೇಲೆ ಕುಣಿಯುವುದನ್ನು ಕಲ್ಪಿಸಿಕೊಳ್ಳಬಾರದು. ಇದು ನಡೆಯುವುದೆಲ್ಲ ಅಕ್ಷರಗಳಲ್ಲಿಯೇ. ಒಂದು ಬೀದಿಗೆ ಕಾಲಿಟ್ಟರೆ ಆ ಬೀದಿಯ ವರ್ಣನೆ ನಾಲ್ಕಾರು ಸಾಲುಗಳಲ್ಲಿ ಮೂಡುತ್ತದೆ. ಉತ್ತರಕ್ಕೆ ಹೋಗಬೇಕಾದರೆ ಹಾಗೆಂದು ಬೆರಳಚ್ಚಿಸಬೇಕು. ಕತ್ತಿ ಹಿರಿಯಬೇಕಾದರೂ ಅಷ್ಟೇ. ಅದೇ ಹೊತ್ತಿನಲ್ಲಿ ಬೇರೆ ಬೇರೆ ಊರುಗಳಲ್ಲಿ ಕುಳಿತ ಇತರರೂ ತಮ್ಮ ತಮ್ಮ ಪಾತ್ರಗಳನ್ನು ಧರಿಸಿ ಅದೇ ಬೀದಿಯಲ್ಲಿ ಸಂಚರಿಸುತ್ತಿರುತ್ತಾರೆ. ನಮ್ಮ ತಾಳಮದ್ದಳೆಯಲ್ಲಿ ವೇಷವಿಲ್ಲದೆ, ಕುಣಿತವಿಲ್ಲದೆ, ಮಾತಿನಿಂದಲೇ ಕುರುಕ್ಷೇತ್ರವನ್ನು ಕಟ್ಟಿ ನಿಲ್ಲಿಸುವುದಿಲ್ಲವೆ? ಇದೂ ಅದೇ ಜಾತಿಯದು.

ಈ ಬಗೆಯ ಆಟಗಳ ಮೂಲಪುರುಷನನ್ನು ೧೯೭೮ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ರಚಿಸತೊಡಗಿದವರು ರಾಯ್ ಟ್ರಬ್‌ಷಾ ಎಂಬ ವಿದ್ಯಾರ್ಥಿ. ಅದನ್ನು ಬೆಳೆಸಿದವರು ಅವರ ಸಹಪಾಠಿ ರಿಚರ್ಡ್ ಬಾರ್ಟಲ್. ಅವರಿಟ್ಟ ಹೆಸರು 'ಮಡ್'. ಇಂಗ್ಲಿಷಿನಲ್ಲಿ ಆ ಮಾತಿಗೆ ಕೆಸರೆಂಬ ಅರ್ಥವೂ ಉಂಟಷ್ಟೆ. ಒಮ್ಮೆ ಕಾಲಿಟ್ಟವನು ಸುಲಭವಾಗಿ ಕೀಳಲಾರನೆಂಬುದನ್ನು ಅವರು ಮೊದಲೇ ಬಲ್ಲವರಾಗಿದ್ದರೋ ಏನೋ. ನಾನು ಕಾಲಿಟ್ಟ ಕೆಸರು ಅಮೆರಿಕದ್ದು. ಸಿಮುಟ್ರಾನಿಕ್ಸ್ ಎಂಬ ಸಂಸ್ಥೆ ೧೯೯೬ರಲ್ಲಿ ತೆರೆದ 'ಡ್ರ್ಯಾಗನ್‌ರೆಲ್ಮ್ಸ್' ಎಂದು ಅದರ ಹೆಸರು.

ಅಲ್ಲಿ ಅವಲೋಕನವೂ ಕತ್ತಿವರಸೆಯಂತೆಯೇ ಒಂದು ವಿದ್ಯೆ. ಅದು ಪಳಗಿದವನಿಗೆ ನೆರಳಿನಲ್ಲಿ ಅವಿತುಕೊಂಡ ಕಳ್ಳನೂ, ಹೊಂಚುಹಾಕಿ ಕುಳಿತ ಶತ್ರುವೂ ಗೋಚರಿಸುತ್ತಾರೆ; ಪಳಗದವನ ಹಣದ ಚೀಲ ಹಗುರವಾಗುತ್ತದೆ. ಅದನ್ನು ಪಳಗಿಸುವ ಒಂದು ಕ್ರಮವೆಂದರೆ, ಸುತ್ತಮುತ್ತಲಿನ ಹೆಜ್ಜೆಗುರುತುಗಳನ್ನು ಅರಸುವ ಆಜ್ಞೆಯನ್ನು ಕೊಡುವುದು, ಕೆಲ ಕಾಲ ಕಾಯುವುದು, ಮತ್ತೆ ಕೊಡುವುದು. ಕಲಿತದ್ದು ಒಡನೆಯೇ ಕೈಸೇರುವುದೂ ಇಲ್ಲ. ಅದು ಮೊದಲು ಮನಸ್ಸೆಂಬ ತೊಟ್ಟಿಯಲ್ಲಿ ಶೇಖರವಾಗಿ, ಅಲ್ಲಿಂದ ತೊಟ್ಟುತೊಟ್ಟಾಗಿ ಇಳಿದು ಅಂಕಗಳಾಗುತ್ತದೆ. ತೊಟ್ಟಿ ತುಂಬುವುದನ್ನು ಅಳೆಯಲು ೩೪ ಮೆಟ್ಟಿಲುಗಳುಂಟು. ಕೊನೆಯ ಮೆಟ್ಟಿಲಿನಲ್ಲಿ ಮನಸ್ಸಿಗೆ ಬೀಗ ಬಿದ್ದಿತೆಂದು ಹೇಳುತ್ತಾರೆ. ಆಮೇಲೆ ಎಷ್ಟು ಅರಸಿದರೂ ವ್ಯರ್ಥ. ಉಂಡದ್ದು ಅರಗುವವರೆಗೆ ಕಾಯಬೇಕು.

ನಾನು ಶ್ರದ್ಧೆಯಿಂದ ಅರಸಿದೆ. ಅಂಕಗಳೂ ಏರಿದವು. ಹೀಗಿರಲಾಗಿ ಒಂದು ಸಂಜೆ ನನ್ನಾಕೆ, "ಅಲ್ಲಾ ಅಂದ್ರೆ, ಕಾಫಿ ತಂದಿಟ್ಟು ಅರ್ಧ ಘಂಟೆಯಾಯಿತು. ಮೊಣಕೈ ಪಕ್ಕದಲ್ಲಿರೋ ಲೋಟ ಕಾಣಿಸಲಿಲ್ಲವೆ?" ಎಂದಳು. ನಾನು ಏನು ಮಾಡುತ್ತಿದ್ದೆನೆಂಬುದನ್ನು ಅವಳಿಗೆ ವಿವರಿಸುವ ಧೈರ್ಯವಾಗಲಿಲ್ಲ.

ಆಟದಲ್ಲಿ ನನಗೊಬ್ಬ ಜೊತೆಗಾರರು ದೊರೆತರು. ನನಗೆ ರಾತ್ರಿಯಾದಾಗ ಅವರಿಗೆ ಬೆಳಗು. ಒಮ್ಮೆ ಇಬ್ಬರೂ ಒಂದು ಓಣಿಯನ್ನು ಹೊಕ್ಕೆವು. ನಾನು ವರ್ಣನೆಯ ಮೇಲೆ ಕಣ್ಣಾಡಿಸಿ ಮುಂದಿನ ದಿಕ್ಕನ್ನು ಬೆರಳಚ್ಚಿಸುವುದರಲ್ಲಿದ್ದೆ. ಅವರು ತಡೆದು, "ಮೂರನೆಯ ಸಾಲಿನಲ್ಲಿ ಬೇಲಿಯೊಳಗೆ ಒಂದು ಕಿಂಡಿಯಿದೆ ಎಂದು ಹೇಳಿದೆಯಲ್ಲ" ಎಂದರು. ಹತ್ತಾರು ಸಲ ಹಾದುಹೋಗಿದ್ದ ಓಣಿ ಅದು! ಮೆಚ್ಚಿ, ಅವರ ಅವಲೋಕನದ ಅಂಕ ಎಷ್ಟೆಂದು ಕೇಳಿದೆ. ನನ್ನದರ ಅರ್ಧವೂ ಇರಲಿಲ್ಲ. ಮತ್ತೆ ಹೇಗೆ ಕಂಡಿತೆಂದು ಕೇಳಿದ್ದಕ್ಕೆ ಸಹಜವಾಗಿ, "ಕಾಣಲಿಲ್ಲ, ಕೇಳಿಸಿತು. ನಾನು ಹುಟ್ಟುಕುರುಡ" ಎಂದರು.

ಪರದೆಯ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಗಣಕಸಾಧನಗಳುಂಟು. ಆದುದರಿಂದಲೇ ಅಕ್ಷರಗಳ ಈ ಆಟಗಳು ಎಷ್ಟೋ ಮಂದಿ ಅಂಧರಿಗೆ ಪ್ರಿಯವಾಗಿವೆ. ಇಲ್ಲಿ ಅವರಿಗೂ ನಮಗೂ ಅದೇ ಸಾಲುಗಳು. ಅಂತರವಿಷ್ಟೆ: ಕಣ್ಣುಳ್ಳವನು ಸಾಲುಗಳ ಮೇಲೆ ಹಾರಿ ಹೋಗುತ್ತಾನೆ, ಅವರು ಕೇಳಿಸಿಕೊಂಡು ಹೋಗುತ್ತಾರೆ.

ಇಷ್ಟು ಪಾಠವಾದ ಮೇಲಾದರೂ ನಾನು ತಿದ್ದಿಕೊಳ್ಳಬೇಕಿತ್ತು. ಬದಲಿಗೆ, ಪದೇ ಪದೇ ಬೆರಳಚ್ಚಿಸುವ ಶ್ರಮವೇಕೆಂದು, ಆಜ್ಞೆಗಳನ್ನು ಸರದಿಯಾಗಿ ತಾನೇ ಕೊಡುವಂತೆ ಯಂತ್ರಕ್ಕೆ ಬರೆದುಕೊಟ್ಟೆ. ಆಟದ ನಿಯಮ ಇದನ್ನು ನಿಷೇಧಿಸುವುದಿಲ್ಲ; ಆಡುವವನು ಮಾತ್ರ ಎಚ್ಚರದಿಂದಿದ್ದು, ಕರೆದರೆ ಓಗೊಡಬೇಕು. ನಾನು ಕುರ್ಚಿಯಲ್ಲಿಯೇ ಇದ್ದೆ. ಕಣ್ಣು ಪತ್ರಿಕೆಯಲ್ಲಿತ್ತು.

ಮರುದಿನ ಆಟದ ದಾಖಲೆಯನ್ನು ತಿರುವಿಹಾಕುವಾಗ, ನನ್ನ ಅರಸಾಟದ ನೂರಾರು ಸಾಲುಗಳ ನಡುವೆ ಅವರ ಮಾತುಗಳು ಕಂಡವು. "ನಾಳೆ ಆಸ್ಪತ್ರೆಗೆ ಸೇರುತ್ತೇನೆ. ಹೃದಯದ ಶಸ್ತ್ರಚಿಕಿತ್ಸೆ." ಅದರ ಕೆಳಗೆ, ನಾನು ಹೆಜ್ಜೆಗುರುತುಗಳನ್ನು ಅರಸಿದ್ದೆ. "ಸ್ವಲ್ಪ ಹೆದರಿಕೆಯಾಗಿದೆ. ಮಾತನಾಡುತ್ತಿರೋಣವೆ?" ಮತ್ತೆ ನಾನು ಅರಸಿದ್ದೆ. "ಅಲ್ಲಿದ್ದೀರಾ?" ನಾನು ಅರಸುತ್ತಲೇ ಇದ್ದೆ. ಆಮೇಲೆ ಅವರು ಹೊರಟುಹೋದರೆಂಬ ಒಂದು ಸಾಲು. ಆ ರಾತ್ರಿ ನನ್ನ ಅವಲೋಕನಕ್ಕೆ ಒಂದು ಅಂಕ ಹೆಚ್ಚಿಗೆ ಸಂದಿತ್ತು.

ಅವರ ನಿಜವಾದ ಹೆಸರು ನನಗೆ ತಿಳಿಯದು, ಊರು ತಿಳಿಯದು. ಯಾರನ್ನು ವಿಚಾರಿಸಲಿ? ಐದು ವಾರಗಳ ಕಾಲ ಪ್ರತಿರಾತ್ರಿಯೂ ಆ ಓಣಿಯಲ್ಲಿ ನಿಂತು ಕಾದೆ. ಯಂತ್ರಕ್ಕೆ ಬರೆದುಕೊಟ್ಟಿದ್ದನ್ನು ಅಳಿಸಿಹಾಕಿದೆ. ಬಂದು ಹೋಗುವವರ ಒಂದೊಂದು ಮಾತನ್ನೂ ಓದಿದೆ. ಬೇಲಿಯ ಪಕ್ಕದಲ್ಲಿ ಮುರಿದ ಗಾಡಿಯ ಚಕ್ರವೊಂದು ಬಿದ್ದಿದೆಯೆಂಬುದು ನನಗೆ ತಿಳಿದದ್ದು ಆ ದಿನಗಳಲ್ಲಿಯೇ.

ಆರನೆಯ ವಾರದಲ್ಲಿ ಅವರು ಬಂದರು. "ಅಂದು ನಿಮಗೆ ನಿದ್ದೆ ಹತ್ತಿರಬೇಕು" ಎಂದು ನನಗೊಂದು ನೆಪವನ್ನು ತಾವೇ ಒದಗಿಸಿಕೊಟ್ಟರು. ಒಪ್ಪಿಕೊಂಡುಬಿಡುವ ಆಸೆಯಾಯಿತು. ಆದರೆ ನಿಜವನ್ನು ಹೇಳಿದೆ. ಎಚ್ಚರವಾಗಿಯೇ ಇದ್ದೆ, ನೋಡಲಿಲ್ಲ ಎಂದೆ. ಸ್ವಲ್ಪ ಹೊತ್ತು ಪರದೆಯ ಮೇಲೆ ಏನೂ ಮೂಡಲಿಲ್ಲ. ಬಳಿಕ, "ಡಾಕ್ಟರು ದೂರ ನಡೆಯಬೇಡ ಎಂದಿದ್ದಾರೆ. ಇಲ್ಲಿಯೇ ಕುಳಿತು ಮಾತನಾಡೋಣ" ಎಂದರು.

ಕುಳಿತೆವು. ಆಸ್ಪತ್ರೆಯ ಕಥೆಯನ್ನೆಲ್ಲ ಹೇಳಿದರು. ನಾನು ಒಂದು ಸಾಲನ್ನೂ ಬಿಡದೆ ಓದಿದೆ. ನಡುವೆ ನನ್ನಾಕೆ ಕಾಫಿ ತಂದಳು, ಬಿಸಿಯಾಗಿರುವಾಗಲೇ ಕುಡಿದೆ. ಆ ರಾತ್ರಿ ನನ್ನ ಅಂಕ ಒಂದಿಷ್ಟೂ ಏರಲಿಲ್ಲ.