ಫೋನಿನ ಲೆಡ್ಜರು ಓದುವ ಬಗೆ



'ಪೊಲೀಸರು ಸಿ.ಡಿ.ಆರ್. ತರಿಸಿಕೊಂಡರು' ಎಂದು ಪತ್ರಿಕೆಗಳಲ್ಲಿ ಓದಿರುತ್ತೀರಿ. ಅದು ಮೊಬೈಲ್ ಕಂಪನಿಯ ದಾಖಲೆ. ಈಗ ಶಾಲೆ, ಆಸ್ಪತ್ರೆ, ಸಹಕಾರಿ ಸಂಘಗಳಲ್ಲೂ ಇಂಟರ್ನೆಟ್ ಮೂಲಕ ಮಾತನಾಡುವ ಫೋನ್ ಎಕ್ಸ್‌ಚೇಂಜು ಬಂದಿದೆ. ಅದರೊಳಗೂ ಇಂಥದೇ ಒಂದು ಪುಸ್ತಕವಿದೆ. ಕರೆ ಮುಗಿದೊಡನೆ ಅದರಲ್ಲಿ ಒಂದು ಸಾಲು ಬೀಳುತ್ತದೆ. ತಿಂಗಳ ಕೊನೆಗೆ ಮೇಲಿನವರು ಆ ಪುಸ್ತಕ ತೆರೆದು, "204ನೇ ಫೋನಿನಿಂದ ಇಷ್ಟು ಹೊತ್ತು ಮಾತಾಗಿದೆ, ಸಂಬಳದಲ್ಲಿ ಹಿಡಿಯುತ್ತೇವೆ" ಎಂದರೆ ಆ ಮೇಜಿನ ಗುಮಾಸ್ತೆ ಏನು ಹೇಳಬೇಕು? ಓದಲು ಬಂದರೆ ಉತ್ತರ ಅಲ್ಲೇ ಇದೆ.

ಆಸ್ಟೆರಿಸ್ಕ್ ಎಂಬ ಎಕ್ಸ್‌ಚೇಂಜ್ ತಂತ್ರಾಂಶವನ್ನೇ ತೆಗೆದುಕೊಳ್ಳೋಣ. 1999ರಲ್ಲಿ ಅಮೆರಿಕದ ಮಾರ್ಕ್ ಸ್ಪೆನ್ಸರ್ ಆರಂಭಿಸಿದ್ದು, ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು. ಇದರ ದಾಖಲೆಯ ಕಡತಕ್ಕೆ 'ಮಾಸ್ಟರ್' ಎಂದು ಹೆಸರು. ಸಾಲಿಗೆ ಕನಿಷ್ಠ 16 ಅಂಕಣ, ನಡುವೆ ಅಲ್ಪವಿರಾಮ. ತಲೆಬರಹ ಮಾತ್ರ ಇಲ್ಲ! ನಮ್ಮ ಬ್ಯಾಂಕಿನಲ್ಲಿ ಇಂಥ ಲೆಡ್ಜರನ್ನು ಯಾವ ಇನ್‌ಸ್ಪೆಕ್ಟರೂ ಒಪ್ಪುತ್ತಿರಲಿಲ್ಲ. ಎರಡನೆಯದು ಕರೆದವರ ನಂಬರು, ಮೂರನೆಯದು ಕರೆಸಿಕೊಂಡವರದು. ನಮಗೆ ಮುಖ್ಯವಾದವು ಹತ್ತರಿಂದ ಹದಿನೈದು: ಕರೆ ಆರಂಭ, ಎತ್ತಿಕೊಂಡ ವೇಳೆ, ಮುಗಿದ ವೇಳೆ, ಒಟ್ಟು ಸೆಕೆಂಡು, ಬಿಲ್ಲಿನ ಸೆಕೆಂಡು, ಫಲಿತಾಂಶ.

ಒಂದು ಲೆಕ್ಕ ಮಾಡೋಣ. 10 ಗಂಟೆ 2 ನಿಮಿಷ 10 ಸೆಕೆಂಡಿಗೆ ಕರೆ ಹೊರಟಿತು. 40 ಸೆಕೆಂಡು ಬೆಲ್ ಹೊಡೆದ ಮೇಲೆ ಆಚೆಯವರು ಎತ್ತಿದರು. 10 ಗಂಟೆ 5 ನಿಮಿಷ 40 ಸೆಕೆಂಡಿಗೆ ಮುಗಿಯಿತು. ಒಟ್ಟು 210 ಸೆಕೆಂಡು, ಬಿಲ್ಲಿನದು 170. ನಿಮಿಷದ ಲೆಕ್ಕದಲ್ಲಿ ದರ ಹಾಕಿದರೆ ಮೊದಲನೆಯದಕ್ಕೆ 4 ನಿಮಿಷ, ಎರಡನೆಯದಕ್ಕೆ 3. ಯಾರೂ ಎತ್ತದ ಕರೆಗೂ ಒಟ್ಟು 45 ಸೆಕೆಂಡು ಎಂದು ಬರೆದಿರಬಹುದು. ಬಿಲ್ಲಿನ ಸೆಕೆಂಡು ಸೊನ್ನೆ. ಹದಿಮೂರನೆಯ ಅಂಕಣ ಕೂಡಿಸಿ ಹಣ ಕೇಳಿದರೆ ಬೆಲ್ ಹೊಡೆದದ್ದಕ್ಕೂ ದುಡ್ಡು ಕೇಳಿದಂತೆ.

ಫಲಿತಾಂಶದ ಅಂಕಣದಲ್ಲಿ 'ಆನ್ಸರ್ಡ್', 'ನೋ ಆನ್ಸರ್', 'ಬಿಜಿ', 'ಫೇಲ್ಡ್' ಎಂಬ ಮಾತುಗಳಿರುತ್ತವೆ. ಇಲ್ಲಿ 'ಆನ್ಸರ್ಡ್' ಎಂದರೆ ಮನುಷ್ಯನೇ ಎತ್ತಿದ ಎಂದಲ್ಲ. 'ಮಲಯಾಳಕ್ಕೆ ಒಂದು ಒತ್ತಿ, ಕನ್ನಡಕ್ಕೆ ಎರಡು ಒತ್ತಿ' ಎನ್ನುವ ಯಂತ್ರ ಎತ್ತಿದರೂ ಹಾಗೆಯೇ ಬರೆದುಕೊಳ್ಳುತ್ತದೆ. ರೋಗಿಯ ಕಡೆಯವರು ಹತ್ತು ನಿಮಿಷ ಸಂಗೀತ ಕೇಳಿ ಬೇಸತ್ತು ಇಟ್ಟಿರಬಹುದು. ಆಸ್ಪತ್ರೆಯ ಪುಸ್ತಕದಲ್ಲಿ ಮಾತ್ರ ಉತ್ತರ ಕೊಟ್ಟಾಗಿದೆ. ಒಂದೇ ಕರೆ ಮೂರು ಮೇಜು ಸುತ್ತಿದರೆ ಹಲವು ಸಾಲು ಬೀಳುವುದೂ ಉಂಟು. ಸಾಲು ಎಣಿಸಿ ಕರೆ ಎಣಿಸಿದೆ ಎನ್ನಬಾರದು.

ಇನ್ನು ವೇಳೆ. ಕೆಲವು ಕಡೆ ಗಡಿಯಾರವನ್ನು ಗ್ರೀನಿಚ್ ಕಾಲಕ್ಕೆ ಇಟ್ಟಿರುತ್ತಾರೆ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಮೇ 1ರ ಬೆಳಿಗ್ಗೆ 5ಕ್ಕೆ ಮಾಡಿದ ಕರೆ ಏಪ್ರಿಲ್ 30ರ ರಾತ್ರಿ ಹನ್ನೊಂದೂವರೆ ಎಂದು ಬಂದು ಹಿಂದಿನ ತಿಂಗಳ ಬಿಲ್ಲಿಗೆ ಸೇರುತ್ತದೆ. ದುಬೈಯಲ್ಲೂ ಶಾಖೆ ಇದ್ದರೆ ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಎರಡು ಪುಸ್ತಕ ತಾಳೆ ನೋಡುವಾಗ ಇದನ್ನು ಕೂಡಿಸಿಕೊಳ್ಳಬೇಕು.

ಕಡತವನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದರೆ ನಂಬರಿನ ಮೊದಲ ಸೊನ್ನೆ ಹಾರಿಹೋಗುತ್ತದೆ. ಆದ್ದರಿಂದ ನಕಲು ಮಾಡಿಕೊಂಡು, ನಂಬರಿನ ಅಂಕಣವನ್ನು ಅಕ್ಷರವೆಂದು ಗುರುತಿಸಿ ತೆರೆಯಿರಿ. ಉದ್ಧರಣ ಚಿಹ್ನೆಯೊಳಗಿನ ಅಲ್ಪವಿರಾಮವನ್ನು ಅಂಕಣದ ಗೆರೆ ಎಂದು ಎಣಿಸಿದರೆ ಎಲ್ಲವೂ ಒಂದು ಮನೆ ಆಚೆ ಸರಿಯುತ್ತದೆ.

ಸಿಸ್ಕೋ ಕಂಪನಿಯ ಕಾಲ್ ಮ್ಯಾನೇಜರಿನ ದಾಖಲೆ ಬೇರೆ ಬಗೆ. ಅದು ವೇಳೆಯನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳಾಗಿ ಬರೆಯುತ್ತದೆ. ಕರೆ ಮುಗಿದ ಕಾರಣಕ್ಕೆ ಸಂಖ್ಯೆ: 16 ಎಂದರೆ ಸಹಜವಾಗಿ ಇಟ್ಟದ್ದು, 17 ಎಂದರೆ ಆಚೆಯ ಫೋನು ಬಿಜಿ. ಅದೇ ಕಂಪನಿಯ ಗೇಟ್‌ವೇ ಕಳಿಸುವ ದಾಖಲೆಯಲ್ಲಿ ಈ ಸಂಖ್ಯೆ ಹದಿನಾರರ ಮಾನದಲ್ಲಿರುತ್ತದೆ. ಅಲ್ಲಿ 10 ಎಂದು ಕಂಡರೆ 16 ಎಂದೇ ಓದಿಕೊಳ್ಳಿ.